ತರಗತಿ ಸಹಾಯಕ (ವಯಸ್ಕರ ಇಂಗ್ಲಿಷ್ ಶಿಕ್ಷಣ)

ತರಗತಿ ಸಹಾಯಕ: ಇಂಗ್ಲಿಷ್ ಮನೆಮಾತಲ್ಲದ ವಯಸ್ಕರಿಗೆ ಆ ಭಾಷೆ ಕಲಿಸುವ ತರಗತಿಯಲ್ಲಿ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಬೋಧನಾ ಸಹಾಯಕ. ಅಮೆರಿಕದ ವಯಸ್ಕರ ಶಾಲೆ, ಸಮುದಾಯ ಕಾಲೇಜು ಮತ್ತು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಈ ಕೆಲಸ ರೂಢಿಯಲ್ಲಿದೆ. ಸಹಾಯಕರಲ್ಲಿ ವೇತನ ಪಡೆಯುವ ಅರೆಕಾಲಿಕ ನೌಕರರು, ಸ್ವಯಂಸೇವಕರು ಎಂಬ ಎರಡು ವರ್ಗಗಳಿವೆ.

ಹಿನ್ನೆಲೆ: ರೂತ್ ಕಾಲ್ವಿನ್ 1962ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಆರಂಭಿಸಿದ ಸಾಕ್ಷರತಾ ಸಂಸ್ಥೆ ಸ್ವಯಂಸೇವಕರಿಗೆ ತರಬೇತಿ ನೀಡಿ ಬೋಧನೆಗೆ ತೊಡಗಿಸಿತು. 1966ರ ವಯಸ್ಕರ ಶಿಕ್ಷಣ ಕಾಯಿದೆಯಿಂದ ಇಂತಹ ತರಗತಿಗಳಿಗೆ ಒಕ್ಕೂಟ ಸರ್ಕಾರದ ಅನುದಾನ ವಿಸ್ತರಿಸಿತು. ಈಗಿನ ಅನುದಾನಕ್ಕೆ 2014ರ ಕಾಯಿದೆ ಆಧಾರ.

ಕರ್ತವ್ಯಗಳು: ಸಣ್ಣ ಗುಂಪುಗಳಲ್ಲಿ ಸಂಭಾಷಣೆಯ ಅಭ್ಯಾಸ ಮಾಡಿಸುವುದು, ಹಾಜರಿ ಬರೆಯುವುದು, ಅಭ್ಯಾಸ ಹಾಳೆಗಳ ಪ್ರತಿ ತೆಗೆಯುವುದು, ಮಟ್ಟ ನಿರ್ಧರಿಸುವ ಪರೀಕ್ಷೆಗೆ ನೆರವಾಗುವುದು. ಯಾವ ಭಾಷೆಯಲ್ಲೂ ಓದು ಬರಹ ಕಲಿಯದವರಿಗೆ ಪೆನ್ಸಿಲ್ ಹಿಡಿಯುವುದು, ಗೆರೆಯ ಮೇಲೆ ಅಕ್ಷರ ಕೂರಿಸುವುದನ್ನು ಬಿಡಿಬಿಡಿಯಾಗಿ ಕಲಿಸಬೇಕಾಗುತ್ತದೆ. ಅರ್ಜಿ ತುಂಬುವ ಪಾಠದಲ್ಲಿ ಜನ್ಮದಿನಾಂಕವನ್ನು ಅಮೆರಿಕದ ರೂಢಿಯಂತೆ ತಿಂಗಳು, ದಿನ, ವರ್ಷದ ಕ್ರಮದಲ್ಲಿ ಬರೆಸುವುದೂ ಸೇರಿದೆ. ಪಾಠಯೋಜನೆ ಮತ್ತು ಮೌಲ್ಯಮಾಪನದ ಹೊಣೆ ಶಿಕ್ಷಕರದು.

ಮಹತ್ವ: ಒಂದೇ ಕೊಠಡಿಯಲ್ಲಿ ಪದವೀಧರರೂ ಶಾಲೆಯ ಮೆಟ್ಟಿಲು ಹತ್ತದವರೂ ಇರುವುದು, ಅವಧಿಯ ನಡುವೆಯೇ ಹೊಸಬರು ಸೇರುವುದು ಈ ತರಗತಿಗಳಲ್ಲಿ ಸಾಮಾನ್ಯ. ಸಹಾಯಕರಿದ್ದಾಗ ಪಾಠ ನಿಲ್ಲಿಸದೆ ಹಿಂದುಳಿದವರಿಗೆ ಪ್ರತ್ಯೇಕ ಗಮನ ನೀಡಬಹುದು. ಕಲಿಯುವವರ ಭಾಷೆ ಬಲ್ಲ ಸಹಾಯಕರು ದಾಖಲಾತಿಯ ವೇಳೆ ದುಭಾಷಿಗಳಾಗಿಯೂ ನೆರವಾಗುತ್ತಾರೆ.