ಹಳಿಯ ಪಕ್ಕದ ಊರು

ಆಟಿಕೆ ರೈಲು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಒಂದು ಎಂಜಿನ್ನು, ನಾಲ್ಕು ಬೋಗಿ, ಗುಂಡಗೆ ಸುತ್ತುವ ಹಳಿ. ಹಳಿಯ ಪಕ್ಕ ಏನಿತ್ತು ಅಂತ ಕೇಳಿದರೆ ಯಾರಿಗೂ ನೆನಪಿರೋದಿಲ್ಲ. ರೈಲಿನ ಮಾದರಿ ಕಟ್ಟುವ ಕ್ಲಬ್ಬುಗಳ ಕಥೆಯೂ ಬಹಳ ಕಾಲ ಹೀಗೇ ಇತ್ತು.

ಇಂಥ ಕ್ಲಬ್ಬುಗಳಲ್ಲೆಲ್ಲ ಹಳೆಯದು ಲಂಡನ್ನಿನ ‘ದಿ ಮಾಡೆಲ್ ರೈಲ್ವೇ ಕ್ಲಬ್’. ಅದು ಶುರುವಾದದ್ದು 1910ರಲ್ಲಿ. ಆ ಕಾಲದ ಹವ್ಯಾಸಿಗಳ ತಲೆ ತುಂಬ ಎಂಜಿನ್, ಸಿಗ್ನಲ್, ಟೈಂಟೇಬಲ್ಲು. ಗುಡ್ಡ ಬೇಕೆಂದರೆ ತಂತಿ ಬಲೆಯ ಮೇಲೆ ಪ್ಲಾಸ್ಟರ್ ಮೆತ್ತಿದರಾಯಿತು. ಹುಲ್ಲು ಬೇಕೆಂದರೆ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಅಂಟಿನ ಮೇಲೆ ಉದುರಿಸಿದರಾಯಿತು. ಪೊದೆಗೆ ಒಣಗಿಸಿ ಬಣ್ಣ ಹಾಕಿದ ಕಲ್ಲುಹೂವು. ನಾವು ಮಸಾಲೆಗೆ ಹಾಕ್ತೀವಲ್ಲ, ಅದರದ್ದೇ ದಾಯಾದಿ. ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ, ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತೆ ಅನ್ನೋ ಭಾವನೆ.

ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವರಲ್ಲಿ ಇಬ್ಬರನ್ನು ಮರೆಯುವ ಹಾಗಿಲ್ಲ.

ಮೊದಲನೆಯವನು ಜಾನ್ ಅಹರ್ನ್. 1930ರ ದಶಕದ ಕೊನೆಗೆ ‘ಮ್ಯಾಡರ್ ವ್ಯಾಲಿ’ ಅನ್ನೋ ಕಲ್ಪನೆಯ ರೈಲುದಾರಿಯೊಂದನ್ನು ಕಟ್ಟತೊಡಗಿದ. ಅದರಲ್ಲಿ ರೈಲು ಊರಿಂದ ಊರಿಗೆ ಹೋಗುತ್ತೆ, ಊರುಗಳಲ್ಲಿ ಅಂಗಡಿ, ಹೆಂಡದಂಗಡಿ, ಬಂದರು ಎಲ್ಲ ಇವೆ. ರೈಲು ಓಡುವುದಕ್ಕೆ ಒಂದು ಕಾರಣ ಬೇಕಲ್ಲವೇ? ಆ ಕಾರಣವೇ ಊರು. ಕಟ್ಟಡ ಮಾಡೋದು ಹೇಗೆ, ನೆಲ ಮಾಡೋದು ಹೇಗೆ ಅಂತ 1947 ಮತ್ತು 1951ರಲ್ಲಿ ಎರಡು ಪುಸ್ತಕಗಳನ್ನೂ ಬರೆದ.

ಎರಡನೆಯವನ ಹೆಸರು ರಾಯ್ ಇಂಗ್ಲೆಂಡ್. ಹೆಸರೇ ಇಂಗ್ಲೆಂಡ್, ಹುಟ್ಟಿದ್ದು ಮಾತ್ರ ಆಸ್ಟ್ರೇಲಿಯಾದಲ್ಲಿ! 1925ರಲ್ಲಿ ಇಂಗ್ಲೆಂಡಿಗೆ ಬಂದಾಗ ಅವನಿನ್ನೂ ಹುಡುಗ. ಗ್ರೇಟ್ ವೆಸ್ಟರ್ನ್ ರೈಲ್ವೇ ಅಂದರೆ ಪ್ರಾಣ. ಆ ಕಂಪನಿಯ ಎಂಜಿನ್ ಕಾರ್ಖಾನೆ ಇದ್ದ ಸ್ವಿಂಡನ್ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನೆಲೆಸಿದ. ರೈಲು ನೋಡಲು ಬಂದವನ ಕಣ್ಣು ಪಕ್ಕದ ‘ವೇಲ್ ಆಫ್ ವೈಟ್ ಹಾರ್ಸ್’ ಕಣಿವೆಯ ಹಳ್ಳಿಗಳ ಮೇಲೆ ಬಿತ್ತು. ಗುಡ್ಡದ ಇಳಿಜಾರಿನ ಸುಣ್ಣಕಲ್ಲಿನಲ್ಲಿ ಸುಮಾರು 3,000 ವರ್ಷ ಹಿಂದೆ ಕೊರೆದ ಬಿಳಿ ಕುದುರೆಯ ಆಕೃತಿಯಿಂದ ಆ ಕಣಿವೆಗೆ ಹೆಸರು ಬಂದಿದೆ.

ಕುದುರೆ ಉಳಿದಿತ್ತು, ಆದರೆ ಹಳ್ಳಿ ಕರಗುತ್ತಿತ್ತು. ಹುಲ್ಲು ಹೊದಿಸಿದ ಚಾವಣಿ ತೆಗೆದು ಆಸ್‌ಬೆಸ್ಟಾಸ್, ತಗಡು ಹಾಕುತ್ತಿದ್ದರು. ಹಳೇ ಮನೆಗಳು ಬೀಳುತ್ತಿದ್ದವು. ರಾಯ್ ಟೇಪು, ಕ್ಯಾಮೆರಾ ಹಿಡಿದು ಹೊರಟ. ಕೂಲಿಕಾರರ ಮನೆಗಳ ಅಳತೆ ಬರೆದುಕೊಂಡ, ಬಣ್ಣ ಗುರುತು ಹಾಕಿಕೊಂಡ, 1930ರ ದಶಕದಲ್ಲೇ ರಟ್ಟಿನಲ್ಲಿ ಅವುಗಳ ಮಾದರಿ ಮಾಡತೊಡಗಿದ.

ಅಳತೆ ಎಂಥದ್ದು ನೋಡಿ. ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಆರಡಿ ಆಳು 24 ಮಿಲಿಮೀಟರ್ ಎತ್ತರ. ಮೂರಂಗುಲದ ಇಟ್ಟಿಗೆ ಸಾಲು ಒಂದೇ ಒಂದು ಮಿಲಿಮೀಟರ್. ಚಾವಣಿಯ ಹುಲ್ಲಿಗೆ ಬಳಸಿದ್ದು ಪ್ಲಂಬರ್‌ಗಳು ಪೈಪಿನ ಮರೆಗೆ ಸುತ್ತುವ ನಾರು. ಒಂದೊಂದು ಮನೆಗೂ ನೂರಾರು ಗಂಟೆ ಹಿಡಿಯುತ್ತಿತ್ತು.

1954ರಲ್ಲಿ ಆಕ್ಸ್‌ಫರ್ಡ್ ಕಡೆಯ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯಲ್ಲಿ ಹಿಂದೆ ಪಬ್ ಆಗಿದ್ದ ಕಟ್ಟಡವೊಂದು ಸಿಕ್ಕಿತು. ಅದೇ ಮುಂದೆ ಪೆಂಡನ್ ಮ್ಯೂಸಿಯಂ ಆಯಿತು. ಜೊತೆಗೆ ಕೂತು ಕೆಲಸ ಮಾಡಲು ಸ್ವಯಂಸೇವಕರು ಬಂದರು. ಅಹರ್ನ್ ತೀರಿಕೊಂಡ ಮೇಲೆ ಅವನ ಮ್ಯಾಡರ್ ವ್ಯಾಲಿಯೂ ಅಲ್ಲಿಗೇ ಬಂದು ಸೇರಿತು. ರಾಯ್ 1995ರಲ್ಲಿ ತೀರಿಕೊಂಡ. ಕೆಲಸ ನಿಲ್ಲಲಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ಒಂದು ವಿಷಯ ಗಮನಿಸಿ. ಎಂಜಿನ್ನಿಗೆ ನಂಬರಿತ್ತು, ಕಾರ್ಖಾನೆಯಲ್ಲಿ ನಕ್ಷೆ ಇತ್ತು, ಯಾವತ್ತು ಕಟ್ಟಿದ್ದು, ಯಾವತ್ತು ಗುಜರಿಗೆ ಹೋಗಿದ್ದು ಅಂತ ದಾಖಲೆ ಇತ್ತು. ಗ್ರೇಟ್ ವೆಸ್ಟರ್ನ್ ಕಂಪನಿ 1947ರ ಕೊನೆಗೆ ಇಲ್ಲವಾದರೂ ಅದರ ಅಸಲಿ ಎಂಜಿನ್ನುಗಳನ್ನು ಪೆಂಡನ್ನಿನಿಂದ ಕೆಲವೇ ಮೈಲಿ ದೂರದ ಡಿಡ್‌ಕಾಟ್‌ನಲ್ಲಿ ಈಗಲೂ ನೋಡಬಹುದು. ಕೂಲಿಕಾರನ ಮನೆಗೆ ನಂಬರು ಎಲ್ಲಿಂದ ಬರಬೇಕು? ನಕ್ಷೆ ಯಾರು ಬರೆದಿದ್ದರು? ಹೆಣ್ಣುಮಗಳೊಬ್ಬಳು ದಿನಾ ನೀರು ಹೊತ್ತು ಒಳಗೆ ಹೋಗುತ್ತಿದ್ದ ಬಾಗಿಲಿನ ಎತ್ತರ ಯಾವ ಕಚೇರಿಯಲ್ಲೂ ದಾಖಲಾಗೋದಿಲ್ಲ. ರೈಲು ಉಳಿಯಲು ಮಾದರಿಯ ಹಂಗಿರಲಿಲ್ಲ. ಉಪ್ಪಿನಕಾಯಿ ಅಂದುಕೊಂಡಿದ್ದ ಆ ಊರಿಗೇ ಮಾದರಿ ಬೇಕಿತ್ತು.

ಹಾಗಂತ ಕಣ್ಣು ಮುಚ್ಚಿ ನಂಬೋ ಹಾಗೂ ಇಲ್ಲ. ಪೆಂಡನ್ನಿನ ‘ಪೆಂಡನ್ ಪಾರ್ವ’ ಹಳ್ಳಿ ಯಾವ ಭೂಪಟದಲ್ಲೂ ಇಲ್ಲ. ಬೇರೆ ಬೇರೆ ಊರಿನ ನಿಜವಾದ ಮನೆಗಳನ್ನು ತಂದು ಒಂದೆಡೆ ಜೋಡಿಸಿದ್ದು ಅದು. ಮನೆ ನಿಜ, ಊರು ಕಲ್ಪನೆ. ಇನ್ನೂ ಮುಖ್ಯವಾದದ್ದು, ಮಾದರಿಯ ಮನೆಯೊಳಗೆ ಥಂಡಿ ಇರೋದಿಲ್ಲ. 1920ರ ದಶಕದ ಇಂಗ್ಲಿಷ್ ಹಳ್ಳಿಯಲ್ಲಿ ಎಷ್ಟೋ ಮನೆಗಳಿಗೆ ನಲ್ಲಿ ನೀರಿರಲಿಲ್ಲ, ಕರೆಂಟಿರಲಿಲ್ಲ. ಮೊದಲ ಮಹಾಯುದ್ಧ ಮುಗಿದು ಸ್ವಲ್ಪ ಕಾಲಕ್ಕೆ ಧಾನ್ಯದ ಬೆಲೆ ಕುಸಿಯಿತು, 1921ರಲ್ಲಿ ಸರ್ಕಾರ ಬೆಂಬಲ ಬೆಲೆಯನ್ನೂ ಹಿಂತೆಗೆದುಕೊಂಡಿತು, ಜತೆಗೇ ಕೂಲಿಯೂ ಇಳಿಯಿತು. ಎಷ್ಟೋ ಕೂಲಿಕಾರರು ಇದ್ದದ್ದು ಜಮೀನ್ದಾರ ಕೊಟ್ಟ ಮನೆಯಲ್ಲಿ. ಕೆಲಸ ಹೋದರೆ ಮನೆಯೂ ಹೋಯ್ತು. ಸೋರುವ ಹುಲ್ಲಿನ ಚಾವಣಿ ಕಿತ್ತು ತಗಡು ಹಾಕಿದರೆ ರಾಯ್‌ಗೆ ಸಂಕಟ. ಒಳಗೆ ಮಲಗುವವರಿಗೆ? ಆ ರಾತ್ರಿಯಾದರೂ ಹಾಸಿಗೆ ನೆನೆಯಲಿಲ್ಲವಲ್ಲ ಅನ್ನೋ ನೆಮ್ಮದಿ.

ಇಬ್ಬರ ಮಾತೂ ನಿಜ, ಇತಿಹಾಸ ಬರೆಯುವವರಿಗೆ ಎರಡೂ ಬೇಕು.

1963ರಲ್ಲಿ ಬೀಚಿಂಗ್ ವರದಿ ಬಂದು, ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಿ ಅಂದಿತು. ಬಹುಪಾಲು ಮುಚ್ಚಿಯೂ ಹೋದವು. ಆಮೇಲೆ ಕ್ಲಬ್ಬುಗಳು ಕಟ್ಟಿದ ಎಷ್ಟೋ ಸಣ್ಣ ಸ್ಟೇಷನ್ನುಗಳು ತಾವೇ ನೆನಪಿನ ದಾಖಲೆಗಳಾದವು. ಈಗ ಸಾಮಾನು ಬೇಕಾದಷ್ಟಿದೆ. ವಿದ್ಯುತ್ತಿನ ಬಲದಿಂದ ನಾರಿನ ಹುಲ್ಲನ್ನು ನೆಟ್ಟಗೆ ನಿಲ್ಲಿಸುವ ಯಂತ್ರವಿದೆ, ಪೆಟ್ಟಿಗೆಯಲ್ಲಿ ರೆಡಿಮೇಡ್ ಮನೆ ಸಿಗುತ್ತೆ. ಹಳೇ ಹಸಿರು ಹೊಟ್ಟನ್ನು ಕೆರೆದು ತೆಗೆದು ಒಂದೇ ವಾರಾಂತ್ಯದಲ್ಲಿ ಹೊಸ ಹುಲ್ಲುಗಾವಲು ಬೆಳೆಸಬಹುದು. ಹಾಗೆ ಕೆರೆಯಲು ಕೂತಾಗ ಕ್ಲಬ್ಬಿನವರು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾದ ಪ್ರಶ್ನೆ ಮಾತ್ರ ರಾಯ್‌ನ ಕಾಲದ್ದೇ. ಇದು ಯಾವ ಊರು, ಯಾವ ವರ್ಷ, ಆ ಮನೆಯ ಚಾವಣಿ ಆ ವರ್ಷ ಸೋರುತ್ತಿತ್ತಾ?