ಥೈರಾಯ್ಡ್ ಹಾರ್ಮೋನು ಮತ್ತು ಹೆಣ್ಣಿಲಿಯ ಸಂತಾನಶಕ್ತಿ

ಪ್ರಯೋಗಾಲಯದ ಹೆಣ್ಣಿಲಿ 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಯೋನಿಯಿಂದ ತೆಗೆದ ಒಂದು ಹನಿ ದ್ರವವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಚಕ್ರದ ಹಂತ ತಿಳಿಯುತ್ತದೆ: ಬೆದೆಯ ದಿನ ಕೋಶಕೇಂದ್ರವಿಲ್ಲದ ಚಪ್ಪಟೆ ಜೀವಕೋಶಗಳು, ವಿರಾಮದ ದಿನಗಳಲ್ಲಿ ಹೆಚ್ಚಾಗಿ ಬಿಳಿ ರಕ್ತಕಣಗಳು. ಲಾಂಗ್ ಮತ್ತು ಇವಾನ್ಸ್ 1922ರಲ್ಲಿ ಈ ಚಕ್ರವನ್ನು ವಿವರವಾಗಿ ದಾಖಲಿಸಿದರು.

ಕುಡಿಯುವ ನೀರಿಗೆ ಪ್ರೊಪೈಲ್‌ಥಯೋಯುರಾಸಿಲ್ ಬೆರೆಸಿ ಥೈರಾಯ್ಡ್ ಗ್ರಂಥಿಯನ್ನು ಕುಂದಿಸಿದರೆ ಈ ಲಯ ಕೆಡುತ್ತದೆ. ವಿರಾಮದ ಹಂತ ಉದ್ದವಾಗುತ್ತದೆ, ಬೆದೆ ಅನಿಯಮಿತವಾಗುತ್ತದೆ, ಗರ್ಭ ನಿಂತರೂ ಮರಿಗಳ ಸಂಖ್ಯೆ ಕುಗ್ಗಬಹುದು. ಕಾರಣ ಒಂದೇ ಅಲ್ಲ. ಥೈರಾಯ್ಡ್‌ನ ಟಿ3 ಹಾರ್ಮೋನು ಅಂಡಾಶಯದ ಗ್ರಾನುಲೋಸಾ ಕೋಶಗಳ ಮೇಲೆ ನೇರವಾಗಿ ಕೆಲಸ ಮಾಡಿ, ಅಂಡಕೋಶಿಕೆಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಪ್ರಭಾವವನ್ನು ಹೆಚ್ಚಿಸುತ್ತದೆ. ಅದು ಕಡಿಮೆಯಾದಾಗ ಅಂಡಕೋಶಿಕೆಗಳು ಸರಿಯಾಗಿ ಬಲಿಯುವುದಿಲ್ಲ. ಇತ್ತ ಥೈರಾಯ್ಡ್ ಕುಂದಿದಾಗ ಹೆಚ್ಚುವ ಮೆದುಳಿನ ಟಿಆರ್‌ಎಚ್ ಹಾರ್ಮೋನು ಪ್ರೊಲ್ಯಾಕ್ಟಿನ್ ಹಾರ್ಮೋನಿನ ಸ್ರವಿಕೆಯನ್ನೂ ಪ್ರಚೋದಿಸಬಲ್ಲದು. ಇಲಿಯಲ್ಲಿ, ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಂಟಾಗುವ ಪೀತಪಿಂಡವನ್ನು ಉಳಿಸಿ ವಿರಾಮವನ್ನು ಉದ್ದವಾಗಿಸುವುದು ಪ್ರೊಲ್ಯಾಕ್ಟಿನ್. ಮನುಷ್ಯರಲ್ಲಿ ಪೀತಪಿಂಡವನ್ನು ಉಳಿಸುವ ಕೆಲಸ ಮುಖ್ಯವಾಗಿ ಎಲ್‌ಎಚ್ ಹಾರ್ಮೋನಿನದು. ಹಾಗಾಗಿ ಇಲಿಯ ಫಲಿತಾಂಶವನ್ನು ಹೆಂಗಸರಿಗೆ ಹಾಗೆಯೇ ಅನ್ವಯಿಸಲಾಗದು.

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕುಬ್ಜ 'ಆರ್‌ಡಿಡಬ್ಲ್ಯೂ' ತಳಿಯ ಹೆಣ್ಣಿಲಿಗಳು ಬಂಜೆಯಾಗಿರುತ್ತವೆ. ಥೈರಾಯ್ಡ್ ಹಾರ್ಮೋನು ತಯಾರಾಗಲು ಬೇಕಾದ ಪ್ರೋಟೀನಾದ ಥೈರೋಗ್ಲೋಬ್ಯುಲಿನ್‌ನ ವಂಶವಾಹಿಯಲ್ಲೇ ಅವುಗಳಲ್ಲಿ ದೋಷವಿದೆ.