ಬ್ರೇಕೇ ಇಲ್ಲದ ಜಾವಾ

ಜಾವಾ ಅಂದರೆ ನಮ್ಮ ಮದ್ದೂರು-ಮಂಡ್ಯ ಕಡೆಯವರಿಗೆ ಮೈಸೂರಿನ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅದನ್ನು ತಯಾರಿಸಲು ಶುರು ಮಾಡಿತು. 1973ರಿಂದ ಅದೇ ಗಾಡಿ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಅಷ್ಟು ವರ್ಷವೂ ಗೆಜ್ಜಲಗೆರೆಯ ಹೆದ್ದಾರಿಯಲ್ಲಿ ಅದರ ಡಬ್ ಡಬ್ ಸದ್ದು ಕೇಳದ ದಿನವಿರಲಿಲ್ಲ. ಇದೇ ಜಾವಾ ಹೆಸರಿನ ಇನ್ನೊಂದು ಗಾಡಿ ಯೂರೋಪಿನ ರೇಸುಗಳಲ್ಲಿ ಓಡುತ್ತಿತ್ತು, ಅದಕ್ಕೆ ಬ್ರೇಕೇ ಇರಲಿಲ್ಲ ಅಂದರೆ ನಂಬುತ್ತೀರಾ? ಬ್ರೇಕ್ ಕೆಟ್ಟಿತ್ತು ಅಂತಲ್ಲ ಸ್ವಾಮಿ, ಇಟ್ಟೇ ಇರಲಿಲ್ಲ!

ಆ ರೇಸಿನ ಹೆಸರು ಸ್ಪೀಡ್‌ವೇ. 500 ಸಿಸಿ ಎಂಜಿನ್, ಪೆಟ್ರೋಲ್ ಬದಲು ಮೆಥನಾಲ್, ಒಂದೇ ಗೇರು. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ಕು ಜನ ನಾಲ್ಕು ಸುತ್ತು ಹೊಡೆಯುತ್ತಾರೆ, ತಿರುವೆಲ್ಲ ಎಡಕ್ಕೇ. ಒತ್ತೊತ್ತಾಗಿ ಓಡುವಾಗ ಮುಂದಿನವನು ಗಕ್ಕನೆ ಬ್ರೇಕ್ ಹಿಡಿದರೆ ಹಿಂದಿನವರು ಅವನ ಮೇಲೇ ಹತ್ತುತ್ತಾರಲ್ಲ, ಹಾಗಾಗಿ ಬ್ರೇಕೇ ಬೇಡ. ಹಾಗಾದರೆ ತಿರುಗುವುದು ಹೇಗೆ? ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ, ಗಾಡಿಯನ್ನು ಅಡ್ಡಡ್ಡ ಎಳೆದುಕೊಂಡು ಹೋಗುವುದು. ಆ ಜಾರುವಿಕೆಯೇ ವೇಗವನ್ನು ತಿನ್ನುತ್ತದೆ. ಐವನ್ ಮೇಜರ್, ಓಲೆ ಓಲ್ಸೆನ್ ಅಂಥವರು ವಿಶ್ವ ಚಾಂಪಿಯನ್ನರಾಗಿದ್ದು ಇಂಥ ಜಾವಾಗಳ ಮೇಲೆ.

ಟಾರು ರಸ್ತೆಯ ರೇಸಿನ ಕಥೆ ಬೇರೆ. 1949ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗಲೇ 125, 250, 350, 500 ಸಿಸಿ ಅಂತ ಕ್ಲಾಸುಗಳಿದ್ದವು. 125ರ ಸವಾರನಿಗೆ ಇರುವ ಶಕ್ತಿಯೇ ಅಷ್ಟು. ತಿರುವಿನಲ್ಲಿ ಕಳಕೊಂಡ ವೇಗ ಮತ್ತೆ ಬರಬೇಕೆಂದರೆ ಅರ್ಧ ಟ್ರ್ಯಾಕು ಬೇಕು. ಕೆರೆ ಏರಿ ಹತ್ತುವ ಮುಂಚೆ ಸೈಕಲ್ಲಿನವರು ಯಾರಾದರೂ ಬ್ರೇಕ್ ಹಿಡಿಯುತ್ತಾರಾ? ಅದೇ ಲೆಕ್ಕ. ಅಗಲವಾದ ಕಮಾನಿನಂತೆ, ಆದಷ್ಟು ಕಡಿಮೆ ಬ್ರೇಕಿನಲ್ಲಿ ತಿರುವನ್ನು ದಾಟುತ್ತಾನೆ. 500ರವನು ತದ್ವಿರುದ್ಧ. ನೆಟ್ಟಗಿರುವಾಗಲೇ ಜೋರಾಗಿ ಬ್ರೇಕ್ ಒತ್ತಿ, ಗಾಡಿಯನ್ನು ಚಿಕ್ಕ ಜಾಗದಲ್ಲಿ ತಿರುಗಿಸಿ, ಬೇಗ ನೆಟ್ಟಗೆ ಮಾಡಿ ಥ್ರಾಟಲ್ ಕೊಡುತ್ತಾನೆ. ಫ್ರೆಡ್ಡಿ ಸ್ಪೆನ್ಸರ್ 1985ರಲ್ಲಿ 250 ಮತ್ತು 500 ಎರಡನ್ನೂ ಗೆದ್ದ. ಒಂದೇ ವರ್ಷ ಎರಡೂ ಗೆದ್ದವನು ಅವನೊಬ್ಬನೇ. ಅದೇ ಭಾನುವಾರ, ಅದೇ ತಿರುವಿಗೆ ಎರಡು ಬೇರೆ ಬೇರೆ ಲೆಕ್ಕ ಇಟ್ಟುಕೊಳ್ಳುವುದೆಂದರೆ ಸುಮ್ಮನೆಯೇ?

ಕ್ಲಾಸುಗಳ ನಡುವೆ ವಿದ್ಯೆಯೂ ಓಡಾಡಿದೆ. ಅಮೆರಿಕದ ಮಣ್ಣಿನ ಟ್ರ್ಯಾಕಿನಲ್ಲಿ ಬೆಳೆದ ಕೆನ್ನಿ ರಾಬರ್ಟ್ಸ್ 1978ರಲ್ಲಿ 500ರ ಚಾಂಪಿಯನ್ ಆದ. ಹಿಂದಿನ ಚಕ್ರ ಜಾರಿಸಿ ತಿರುಗಿಸುವ ಆ ಮಣ್ಣಿನ ಕಲೆಯನ್ನು ಟಾರಿಗೆ ತಂದವರಲ್ಲಿ ಅವನೇ ಮುಖ್ಯ. ಮಿಕ್ ಡೂಹನ್ ಕಾಲು 1992ರಲ್ಲಿ ಆಸೆನ್ ಟ್ರ್ಯಾಕಿನಲ್ಲಿ ಮುರಿಯಿತು. ಆ ಕಾಲಲ್ಲಿ ಬ್ರೇಕ್ ತುಳಿಯಲಾಗದೆ, ಹೆಬ್ಬೆರಳಿನಲ್ಲಿ ಒತ್ತುವ ಹಿಂದಿನ ಬ್ರೇಕ್ ಮಾಡಿಸಿಕೊಂಡ. 1994ರಿಂದ ಸತತ ಐದು ಸಲ ಚಾಂಪಿಯನ್! ಇವತ್ತಿನ ಮೋಟೋಜಿಪಿ ಗಾಡಿಗಳಲ್ಲೂ ಹೆಬ್ಬೆರಳ ಬ್ರೇಕ್ ಕಾಣುತ್ತದೆ.

ಈಗಿನ ಕಾಲಕ್ಕೆ ಬನ್ನಿ. 125ರ ಜಾಗಕ್ಕೆ 2012ರಲ್ಲಿ ಮೋಟೋ3 ಬಂತು. ಅಲ್ಲಿ ಸವಾರ, ಗಾಡಿ ಎರಡೂ ಸೇರಿ ಕನಿಷ್ಠ 152 ಕಿಲೋ. ಮೋಟೋಜಿಪಿಯಲ್ಲಿ ಸವಾರನನ್ನು ಬಿಟ್ಟು ಬರೀ ಗಾಡಿಯೇ 157 ಕಿಲೋ. ಅದನ್ನು ನಿಲ್ಲಿಸಲು ಕಾರ್ಬನ್ ಡಿಸ್ಕ್. ಅದೋ ಚೆನ್ನಾಗಿ ಕಾಯದೆ ಹಿಡಿಯುವುದೇ ಇಲ್ಲ. ಮೋಟೋ2, ಮೋಟೋ3ರಲ್ಲಿ ಇವತ್ತಿಗೂ ಉಕ್ಕಿನ ಡಿಸ್ಕೇ.

ಆದರೆ ಎಲ್ಲ ಕ್ಲಾಸಿಗೂ ಒಂದು ಕಟ್ಟು ಇದೆ. ಟೈರಿಗೆ ನೆಲದ ಹಿಡಿತ ಇರುವುದು ಇಷ್ಟೇ. ಒಂದೇ ತೂಬಿನ ನೀರನ್ನು ಕಬ್ಬಿಗೂ ಭತ್ತಕ್ಕೂ ಹರಿಸಿದ ಹಾಗೆ, ಅದನ್ನು ಬ್ರೇಕಿಗೂ ತಿರುವಿಗೂ ಹಂಚಬೇಕು. ಅದಕ್ಕೇ ದೊಡ್ಡ ಸವಾರರು ಗಾಡಿ ವಾಲುತ್ತಾ ಹೋದ ಹಾಗೆ ಮುಂದಿನ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಟಿವಿಯಲ್ಲಿ ಕೊನೇ ಕ್ಷಣದಲ್ಲಿ ಬ್ರೇಕ್ ಹಿಡಿಯುವುದು ಕಾಣುತ್ತದೆ, ಈ ಬಿಡುವುದು ಕಾಣುವುದಿಲ್ಲ. ನನ್ನನ್ನು ಕೇಳಿದರೆ ಕ್ಲಾಸು ಕ್ಲಾಸಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲೇ, ಎಲ್ಲಿ ಬಿಡುತ್ತಾರೆ ಅನ್ನುವುದರಲ್ಲಿ.

ನಮ್ಮವರ ಪಾಡು? ನಮ್ಮ ಕಡೆಯವರು ಟ್ರ್ಯಾಕ್ ರೇಸಿಗೆ ಹೋಗಬೇಕೆಂದರೆ ಮದ್ರಾಸಿನ ಹತ್ತಿರದ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಅದು; ಉದ್ದನೆಯ ನೇರ ಹಾದಿ, ಕೊನೆಗೆ ಬಿಗಿ ತಿರುವು. ಗಾಡಿಗಳೋ ಯೆಜ್ಡಿ, ಆಮೇಲೆ ಆರ್‌ಎಕ್ಸ್ 100. ಎಲ್ಲಕ್ಕೂ ಡ್ರಮ್ ಬ್ರೇಕು. 1983ರಲ್ಲಿ ರಾಜದೂತ್ 350 ಬಂದಾಗಲೂ, ಜಪಾನಿನಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಇದ್ದ ಆ ಗಾಡಿಗೆ ಇಲ್ಲಿ ಹಾಕಿದ್ದು ಡ್ರಮ್ಮು. ಎಂಜಿನ್ ರಾಕ್ಷಸ, ಬ್ರೇಕು ಬಡಪಾಯಿ! ಸಾಲದ್ದಕ್ಕೆ ಟೂ ಸ್ಟ್ರೋಕ್ ಎಂಜಿನ್, ಥ್ರಾಟಲ್ ಬಿಟ್ಟರೂ ಗಾಡಿಯನ್ನು ಅಷ್ಟಾಗಿ ಹಿಡಿದು ನಿಲ್ಲಿಸುವುದಿಲ್ಲ. ಡ್ರಮ್ ಕಾದರೆ ಹಿಡಿತ ಸೋರಿಹೋಗುತ್ತದೆ. ಹಾಗಾಗಿ ಆ ಕಾಲದವರು ದೂರದಲ್ಲೇ ಬ್ರೇಕ್ ಹಿಡಿದು, ತಿರುವಿಗೆ ಮುಂಚೆಯೇ ಬಿಟ್ಟು, ಬಂದ ವೇಗವನ್ನು ಉಳಿಸಿಕೊಂಡು ಹೋಗುತ್ತಿದ್ದರು. ಬ್ರೇಕನ್ನು ನಂಬದ ತಲೆಮಾರು ಅದು. ನಮ್ಮ ದೊಡ್ಡಪ್ಪನ ರೋಡ್‌ಕಿಂಗ್ ಹಿಂದೆ ಕೂತವರಿಗೆ ಗೊತ್ತು, ಮದ್ದೂರು ಸೇತುವೆ ಕಣ್ಣಿಗೆ ಬೀಳುವ ಮುಂಚೆಯೇ ಕಾಲು ಬ್ರೇಕಿನ ಮೇಲಿರುತ್ತಿತ್ತು.

ಅಂದ ಹಾಗೆ ಬೆಂಗಳೂರಿನ ಸಿ.ಎಸ್. ಸಂತೋಷ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು, ಅದನ್ನು ಮುಗಿಸಿದ ಮೊದಲ ಭಾರತೀಯ. ಅಲ್ಲಿ ಮುಂದೆ ಬರುವ ತಿರುವನ್ನು ಮೊದಲೇ ಕಂಡಿರುವುದಿಲ್ಲ. ಮರಳು ದಿಬ್ಬದ ಆಚೆ ಏನಿದೆ ಅನ್ನುವುದು ದಿಬ್ಬ ಹತ್ತಿದ ಮೇಲೇ ತಿಳಿಯುವುದು.

2023ರ ಸೆಪ್ಟೆಂಬರಿನಲ್ಲಿ ದೆಹಲಿ ಹತ್ತಿರದ ಬುದ್ಧ್ ಸರ್ಕೀಟಿಗೆ ಮೋಟೋಜಿಪಿ ಬಂತು. ಮೋಟೋ3, ಮೋಟೋ2, ಮೋಟೋಜಿಪಿ ಮೂರೂ ಅದೇ ಟಾರಿನ ಮೇಲೆ ಓಡಿದವು. ನಮ್ಮೂರ ಹುಡುಗರು ಮೊಬೈಲಿನಲ್ಲಿ ಬಿಟ್ಟೂ ಬಿಡದೆ ನೋಡಿದರು. ಅದೇ ವರ್ಷ ಮಾರ್ಚ್ 12ರಂದು ದಶಪಥ ಹೆದ್ದಾರಿಯ ಉದ್ಘಾಟನೆ ಆಗಿದ್ದು ನಮ್ಮ ಗೆಜ್ಜಲಗೆರೆಯಲ್ಲೇ. ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕುಗಳು ಹತ್ತುವಂತಿಲ್ಲ. ಬೈಕಿನವರಿಗೆ ಉಳಿದಿದ್ದು ಸರ್ವೀಸ್ ರಸ್ತೆ. ಅಲ್ಲಿ ಮರಳು, ಕಬ್ಬಿನ ಸೋಗೆ, ಎದುರಿಗೆ ಬರುವ ಟ್ರ್ಯಾಕ್ಟರು. ಹುಡುಗರು ಅಲ್ಲಿ ಮಂಡಿ ಚಾಚಿ, ಕೊನೇ ಕ್ಷಣದಲ್ಲಿ ಮುಂದಿನ ಡಿಸ್ಕ್ ಹಿಡಿಯುತ್ತಾರೆ. 2019ರ ಏಪ್ರಿಲಿನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ನಿಜ. ಆದರೆ ಸಾಮಾನ್ಯ ಎಬಿಎಸ್ ಕಾಯುವುದು ಗಾಡಿ ನೆಟ್ಟಗಿದ್ದಾಗ. ವಾಲಿದಾಗ ಮರಳಿನ ಮೇಲೆ ಬ್ರೇಕ್ ಹಿಡಿದವನನ್ನು ಅದು ಎತ್ತಿ ನಿಲ್ಲಿಸುವುದಿಲ್ಲ. ಹೀಗೆ ಬಿದ್ದು ಮೊಣಕೈ ಕಿತ್ತುಕೊಂಡವರನ್ನು ನಾನೇ ಎರಡು ಸಲ ಎತ್ತಿ ಕೂರಿಸಿದ್ದೇನೆ. ಇಬ್ಬರೂ ಹೇಳಿದ್ದು ಒಂದೇ ಮಾತು: "ಅಣ್ಣಾ, ಬ್ರೇಕ್ ಹಿಡಿದೇ ಇದ್ದೆ."

ಅದೇ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರನ್ನು ನೋಡಬೇಕು ನೀವು. ಅರ್ಧ ತುಂಬಿದ ಕ್ಯಾನು, ಬ್ರೇಕ್ ಹಿಡಿದರೆ ಹಾಲು ಮುಂದಕ್ಕೆ ನುಗ್ಗುತ್ತದೆ, ತಿರುಗಿದರೆ ಪಕ್ಕಕ್ಕೆ ಎಳೆಯುತ್ತದೆ. ತಿರುವು ದೂರ ಇರುವಾಗಲೇ ಬ್ರೇಕ್ ಹಿಡಿದು, ಮೆಲ್ಲಗೆ ಬಿಟ್ಟು, ಗಾಡಿಯನ್ನು ಹೆಚ್ಚು ವಾಲಿಸದೆ ತಿರುಗಿಸಿಕೊಂಡು ಹೋಗುತ್ತಾರೆ. ಅವರದ್ದೇ ಒಂದು ಕ್ಲಾಸು ಅನ್ನಿ. ಸೂಪರ್‌ಬೈಕುಗಳ ವಿಷಯ ಇನ್ನೊಂದು ದಿನ ಬರೆಯುತ್ತೇನೆ, ಅದು ಇದಕ್ಕಿಂತ ಉದ್ದ.